ಚಪ್ಪಾಳೆಗೆ ಮೊದಲಿನ ಕೂಗು

ಸ್ಯಾಕ್ಸೊಫೋನ್ ವಾದಕನ ಮನೆಗೆ ಭಾನುವಾರ ಇಬ್ಬರು ಅಭಿಮಾನಿಗಳು ಬಂದರು: ಕನ್ನಡಕದಂಗಡಿಯವನು ಮತ್ತು ಅವನ ತಂಗಿ. ಸ್ಯಾಕ್ಸೊಫೋನ್, ಬಾಸ್, ಡ್ರಮ್ಸ್ ಮೂರೇ ಇದ್ದ ಅವನ ಜಾಝ್ ಕಛೇರಿಯ ರೆಕಾರ್ಡಿಂಗ್ ಅವರಿಗೆ ಬಾಯಿಪಾಠವಾಗಿತ್ತು. ಆದರೂ ವಾದಕನ ಎದುರೇ ಕೂತು ಕೇಳುವ ಆಸೆಯಿಂದ ಅದನ್ನೇ ಹಾಕಿದರು.

ಚಹಾ ತಂದ ಹೆಂಡತಿ ಬಾಗಿಲಲ್ಲೇ ನಿಂತಳು. ಮೂರನೆಯ ಹಾಡು ಶುರುವಾದೊಡನೆ ಅವಳಿಗೆ ಕಛೇರಿಯ ಸಂಜೆ ನೆನಪಾಯಿತು. ಆ ಸಂಜೆ ಗಂಡ ಒಂದೇ ಸ್ವರವನ್ನು ಎಳೆಯುತ್ತಲೇ ಹೋಗಿದ್ದ. ಅವನ ತುಟಿ ನೀಲಿಗಟ್ಟಿದ್ದು ಮುಂದಿನ ಸಾಲಿನಲ್ಲಿದ್ದ ಅವಳಿಗೆ ಮಾತ್ರ ಕಂಡಿತ್ತು.

ಸ್ವರ ನಿಂತಿತು. ಚಪ್ಪಾಳೆಗೆ ಮೊದಲು ‘ಅಯ್ಯೋ!’ ಎಂಬ ಹೆಂಗಸಿನ ಕೂಗು ಕೇಳಿಸಿತು.

“ಇದೇ ಸರ್! ಈ ಕೂಗಿಗೋಸ್ಕರಾನೇ ಮತ್ತೆ ಮತ್ತೆ ಹಾಕ್ತೀವಿ. ಆಕೆ ಎಷ್ಟು ಮೈಮರೆತು ಕೇಳಿರ್ಬೇಕು!” ಎಂದ ಅಂಗಡಿಯವನು.

“ಮುಂದಿನ ತಿಂಗಳ ಕಛೇರಿಲಿ ಇದಕ್ಕಿಂತ ಉದ್ದ ಎಳೀತೀನಿ, ನೋಡ್ತಿರಿ,” ಎಂದು ವಾದಕ ನಕ್ಕ.

ಅವಳು ಒಳಗೆ ಬಂದು ಚಹಾದ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

“ಕೂಗಿದ್ದು ನಾನು,” ಎಂದಳು. “ಇವರು ಅಲ್ಲೇ ಬಿದ್ದುಹೋಗ್ತಾರೆ ಅಂತ ಜೀವ ಬಾಯಿಗೆ ಬಂದಿತ್ತು. ಇವರ ಹೃದಯ ಸರಿಯಿಲ್ಲಪ್ಪಾ.”

ತಂಗಿ ಎದ್ದು ಹಾಡು ನಿಲ್ಲಿಸಿದಳು. “ಸರ್, ನೀವು ಚಿಕ್ಕದಾಗಿ ನುಡಿಸಿದ್ರೂ ನಾವು ಬರ್ತೀವಿ,” ಎಂದಳು ಮೆಲ್ಲಗೆ.

ವಾದಕ ಹೆಂಡತಿಯತ್ತ ತಿರುಗಿ, “ಮುಂದಿನ ತಿಂಗಳದ್ದು ಆಗಲ್ಲ ಅಂತ ಹೇಳಿಬಿಡ್ತೀನಿ ಕಣೇ,” ಎಂದ.

ಅಷ್ಟು ಸಣ್ಣ ಮಾತಿನ ನಡುವೆ ಅವನು ಎರಡು ಸಲ ಉಸಿರೆಳೆದುಕೊಂಡದ್ದನ್ನು ಅವಳು ಗಮನಿಸಿದಳು.