ತಾತ ಓದಿದ್ದು, ಹಾಳೆಯಲ್ಲಿದ್ದದ್ದು

೧

ಎಲ್ಲಿಂದ ಶುರು ಮಾಡುವುದು? ಈ ಕಥೆಯ ಟೀಚರನ್ನು ಕೇಳಿದರೆ ಉತ್ತರ ಸಲೀಸು: 'ರ'ದಿಂದ. ಬೆಳಗ್ಗೆ ಅವಳ ತರಗತಿಯ ಬಾಗಿಲಲ್ಲಿ ನಿಂತರೆ ಆರು ವರ್ಷದ ಮಕ್ಕಳ ಒಂದು ಹಿಂಡು 'ರ್‍ರ್‍ರ್‍ರ' ಎಂದು ಸ್ಕೂಟರ್ ಸ್ಟಾರ್ಟ್ ಮಾಡುವುದು ಕೇಳಿಸುತ್ತದೆ. ಮುಂದಿನ ಸಾಲಿನವರ ಹಾಳೆಗಳ ಮೇಲೆಲ್ಲ ಎಂಜಲು.

ಕಥೆಗಾರನಾದ ನನಗೆ ಅಂಥ ಅನುಕೂಲವಿಲ್ಲ. ಮೊದಲು ಹೀಗೆ ಬರೆದೆ: 'ಓದು ಎಂಬುದು ಮನುಕುಲದ ಪರಮ ವಿಸ್ಮಯ...' ಎರಡನೇ ಸಾಲಿಗೇ ಆಕಳಿಕೆ ಬಂತು, ಹೊಡೆದು ಹಾಕಿದೆ. ಆಮೇಲೆ ಹೀಗೆ: 'ಆ ಸಂಜೆ ಟೀಚರ್ ಕಿಟಕಿಯಾಚೆ ದಿಟ್ಟಿಸುತ್ತ ನಿಂತಿದ್ದಳು.' ಟೀಚರ್ ಅಲ್ಲೇ ತಕರಾರು ತೆಗೆದಳು. "ಸಂಜೆ ಹೊತ್ತು ಕಿಟಕಿ ನೋಡ್ಕೊಂಡು ನಿಲ್ಲೋಕೆ ನಂಗೆಲ್ಲಿ ಸ್ವಾಮಿ ಪುರುಸೊತ್ತು? ಕುಕ್ಕರ್ ಕೂಗ್ತಾ ಇರುತ್ತೆ. ಬರೆಯೋದಾದ್ರೆ ನನ್ನ ಕೆಲಸದ ಬಗ್ಗೆ ಬರೀರಿ."

ಸರಿ, ಕೆಲಸದ ಬಗ್ಗೆಯೇ ಬರೆಯೋಣ.

೨

ಟೀಚರ್ ಓದು ಕಲಿಸುವುದು ಸದ್ದಿನಿಂದ. ಅವಳು ಆ ಶಾಲೆಗೆ ಬಂದ ಹೊಸದರಲ್ಲಿ ಗೋಡೆಯ ಮೇಲೆ ಒಂದು ಚಾರ್ಟ್ ಇತ್ತು: ಮ ಪಕ್ಕದಲ್ಲಿ ಮನೆ, ರ ಪಕ್ಕದಲ್ಲಿ ರಬ್ಬರು. ಮಕ್ಕಳು ಕಣ್ಣು ಮುಚ್ಚಿಕೊಂಡು ಅದನ್ನು ಒಪ್ಪಿಸುತ್ತಿದ್ದವು. ಬೋರ್ಡಿನ ಮೇಲೆ 'ಮರ' ಎಂದು ಬರೆದು ಒಬ್ಬನನ್ನು ಎಬ್ಬಿಸಿದರೆ ಅವನು ಎದೆ ಸೆಟೆಸಿ ನಿಂತು "ಮನೆ ರಬ್ಬರು" ಎಂದ. ಅವತ್ತೇ ಚಾರ್ಟ್ ಅಟ್ಟ ಸೇರಿತು.

ಈಗ ಅಲ್ಲಿ ಅವಳದೇ ಕಾನೂನು. ಬೆರಳು ಅಕ್ಷರದ ಕೆಳಗೆ, ಸದ್ದು ಬಾಯಲ್ಲಿ, ಸದ್ದಿಗೆ ಸದ್ದು ಕೂಡಿದರೆ ಮಾತು. ಚಿತ್ರ ನೋಡಿ ಊಹಿಸುವಂತಿಲ್ಲ. "ಹಾಳೇಲಿ ಇರೋದೇ ಓದು, ಮಿಕ್ಕಿದ್ದೆಲ್ಲ ಬುರುಡೆ" ಎಂದು ಅವಳು ಹೇಳಿದರೆ ಇಡೀ ತರಗತಿ "ಬುರುಡೇ" ಎಂದು ಸಂತೋಷದಿಂದ ಕೂಗುತ್ತದೆ. ಇನ್ನೊಂದು ಕಾನೂನು ಅವಳು ತನಗೇ ಹಾಕಿಕೊಂಡದ್ದು: ಕಲಿಸದ ಅಕ್ಷರವನ್ನು ಮಗುವಿನ ಮುಂದೆ ಇಡಬಾರದು. ಅಂಗಡಿಯ ಯಾವ ಪುಸ್ತಕವೂ ಈ ಕಾನೂನಿಗೆ ಬಗ್ಗುವುದಿಲ್ಲವಾದ್ದರಿಂದ ಓದುವ ಹಾಳೆಗಳನ್ನೂ ಅವಳೇ ಬರೆಯುತ್ತಾಳೆ. ಇಲ್ಲಿಯವರೆಗೆ ಕಲಿಸಿದ್ದು ರ, ಗ, ಸ, ದ, ಅ, ಆಮೇಲೆ ಜ, ವ, ಮ, ಬ, ನ. ಕೊಂಬು, ದೀರ್ಘ, ಒತ್ತು ಯಾವುದೂ ಇನ್ನೂ ಆಗಿಲ್ಲ. ಹಾಗಾಗಿ ಅವಳ ಇತ್ತೀಚಿನ ಕೃತಿ ಹೀಗಿದೆ:

ಅರಸ.
ಅರಸರ ಸರ.
ಸರ ಸರಸರ.
ಮರ.
ಗರಗಸ.
ಗರಗರ.

(ನಗಬೇಡಿ. ಹತ್ತು ಅಕ್ಷರ ಕೊಟ್ಟು ಕಥೆ ಬರೆ ಎಂದರೆ ನನ್ನಿಂದ ಇಷ್ಟೂ ಆಗುವುದಿಲ್ಲ. ಯಾರಾದರೂ ವಿಮರ್ಶಕರ ಕೈಗೆ ಸಿಕ್ಕಿದ್ದರೆ ಇದಕ್ಕೆ ಮಿನಿಮಲಿಸಂ ಎಂದು ಹೆಸರಿಟ್ಟು ಸೆಮಿನಾರ್ ಮಾಡುತ್ತಿದ್ದರು.)

ಈ ಹಾಳೆಗಳನ್ನು ಹಿಡಿದು ಮಕ್ಕಳು ನಿಜಕ್ಕೂ ಓದುತ್ತವೆ. ಒಬ್ಬಳು ಬಿಟ್ಟು. ಆ ಒಬ್ಬಳು ಟೀಚರ್ ಹೊಟ್ಟೆಯಲ್ಲೇ ಹುಟ್ಟಿದವಳು, ಮನೆಮಂದಿಯ ಬಾಯಲ್ಲಿ ಪಟಾಕಿ.

೩

ಪಟಾಕಿಗೆ ಮೊದಲನೇ ಹಾಳೆ ಕೊಟ್ಟ ದಿನ ಟೀಚರ್ ಒಂದು ಮಾತು ಹೇಳಿದ್ದಳು. "ಬೇಗ ಓದೋದು ಕಲಿ ಚಿನ್ನ. ನಿಂಗೆ ಓದೋಕೆ ಬಂದ್ರೆ ತಾತನ ಗಂಟಲಿಗೆ ರಜಾ." ಎಲ್ಲ ತಾಯಂದಿರೂ ಹೇಳುವಂಥ ಮಾತು, ಹೇಳಿದ್ದು ಅವಳಿಗೂ ಮರೆತುಹೋಯಿತು. ನೀವು ಮಾತ್ರ ಮರೆಯಬೇಡಿ.

ತಾತ ಎಂದರೆ ಟೀಚರ್ ಅಪ್ಪ. ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸರ್ ಆಗಿದ್ದು ರಿಟೈರ್ ಆದವರು. ಸಂಜೆ ಟೀಚರ್ ಅಡುಗೆಮನೆ ಹೊಕ್ಕರೆ ತಾತ ಊಟದ ಮೇಜಿನ ಮುಂದೆ ಕೂತು, ಪಟಾಕಿ ಮೇಜಿನ ಕೆಳಗೆ ನುಸುಳಿ, ಓದು ನಡೆಯುತ್ತದೆ. (ಹುಡುಗಿಯ ಅಪ್ಪ ಎಲ್ಲಿ ಎಂದು ಕೇಳುವವರಿಗೆ: ಕೆಲಸದ ಮೇಲೆ ಪರ ಊರಿಗೆ ಹೋಗಿದ್ದಾನೆ. ಮೂರು ಜನರನ್ನು ಸಂಭಾಳಿಸುವಷ್ಟರಲ್ಲೇ ನನಗೆ ಸಾಕುಸಾಕಾಗಿದೆ.)

ಆ ಆರು ಸಾಲಿನ ಹಾಳೆ ತಾತನ ಬಾಯಲ್ಲಿ ಏನಾಗುತ್ತಿತ್ತು ಎಂದರೆ:

"ಡಿಂಗ್ ಡಾಂಗ್. ಪ್ರಯಾಣಿಕರ ಗಮನಕ್ಕೆ. ಅರಸರ ಸರವು ಮರದ ತುದಿಯಲ್ಲಿ ಸಿಕ್ಕಿಕೊಂಡಿರುವುದರಿಂದ ಇಂದಿನ ಎಲ್ಲಾ ಯುದ್ಧಗಳು ತಡವಾಗಿ ಹೊರಡಲಿವೆ. ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಮರ ಕಡಿಯಲು ಬರಬೇಕಿದ್ದ ಗರಗಸವು ಎರಡನೇ ಪ್ಲಾಟ್‌ಫಾರ್ಮಿನಲ್ಲಿ ಇಳಿದು ಅಳುತ್ತಾ ಕೂತಿದೆ. ಅದಕ್ಕೆ ಮರ ಕಂಡರೆ ಭಯ."

"ಯಾಕೆ ಭಯ?" ಎಂದು ಮೇಜಿನ ಕೆಳಗಿನಿಂದ ಪ್ರಶ್ನೆ.

"ಅದರ ಹಿಡಿ ಮರದ್ದಲ್ವಾ. ನಮ್ಮೋರೇ ಆಗ್ಬೇಕು ಅಂತ."

ಗರಗಸ ಮೆಲ್ಲಗೆ ನಡೆದು ಮರದ ಬುಡಕ್ಕೆ ಬಂತು. "ನಿಂಗೆ ನೋವಾಗುತ್ತಾ?" ಎಂದು ಕೇಳಿತು. ಮರ ಗಂಟಲು ಸರಿಮಾಡಿಕೊಂಡು... ಅಷ್ಟರಲ್ಲಿ ಊಟಕ್ಕೆ ಕರೆ ಬಂತು. ಮಿಕ್ಕಿದ್ದು ನಾಳೆ ಎಂದರು ತಾತ.

೪

ಆ ನಾಳೆ ಬರಲಿಲ್ಲ, ಏಕೆಂದರೆ ಬೆಳಗ್ಗೆ ತರಗತಿಯಲ್ಲಿ ಪಟಾಕಿ ಸಿಡಿಯಿತು. ಓದಲು ಎಬ್ಬಿಸಿದರೆ ಹುಡುಗಿ ಹಾಳೆ ಹಿಡಿದು, ಬೆರಳನ್ನು ಠೀವಿಯಿಂದ ಅಕ್ಷರದ ಕೆಳಗೆ ಇಟ್ಟು, "ಡಿಂಗ್ ಡಾಂಗ್" ಎಂದಳು. ಯುದ್ಧಗಳು ತಡವಾಗುವ ಹೊತ್ತಿಗೆ ಮಕ್ಕಳು ಬೆಂಚಿನ ಮೇಲಿದ್ದವು. ಟೀಚರ್ ಹಾಳೆಯ ಮೂಲೆಯಲ್ಲಿದ್ದ ಗರಗಸದ ಚಿತ್ರವನ್ನು ಅಂಗೈಯಿಂದ ಮುಚ್ಚಿದಳು. ಗರಗಸದ ಅಳು ನಿಲ್ಲಲಿಲ್ಲ. ಮಾರನೇ ದಿನ ಅಚ್ಚುಕಟ್ಟಾಗಿ ಓದುತ್ತಿದ್ದ ಮಕ್ಕಳೂ ಹಾಳೆ ಬಿಟ್ಟು ತಮ್ಮ ತಮ್ಮ ರೈಲು ಬಿಡತೊಡಗಿದವು. ಒಬ್ಬನಂತೂ ಅರಸನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ಶುಕ್ರವಾರ ಅಪ್ಪ ಅಮ್ಮಂದಿರು ಶಾಲೆಗೆ ಬರುವವರಿದ್ದರು. ಪುಟ್ಟ ಕುರ್ಚಿಗಳ ಮೇಲೆ ಮಂಡಿ ಮಡಚಿ ಕೂತು, ತಮ್ಮ ಮಕ್ಕಳು ಓದುವುದನ್ನು ಕೇಳುವ ದಿನ ಅದು. ಬಾಯಿಪಾಠವೇ ಚೆನ್ನಾಗಿತ್ತು, ಇದೇನು ರ್‍ರ್‍ರ್‍ ಎಂದು ಗೊಣಗುವವರು ಆಗಲೇ ಕೆಲವರಿದ್ದರು. ಟೀಚರ್ ಮಗಳಿಗೇ ಓದಲು ಬರುವುದಿಲ್ಲ ಎಂದಾದರೆ ಅವಳ ಪದ್ಧತಿಯನ್ನು ನಂಬುವವರು ಯಾರು? ಅದು ಮುಖ ಉಳಿಸಿಕೊಳ್ಳುವ ಚಿಂತೆ. ಅದರ ಕೆಳಗೆ ಇನ್ನೊಂದಿತ್ತು, ಅದು ನಿಜವಾದ ಭಯ. ಅಕ್ಷರ ಎಷ್ಟು ತಿದ್ದಿದರೂ ತಲೆಯಲ್ಲಿ ನಿಲ್ಲದ ಮಕ್ಕಳನ್ನು ಅವಳು ನೋಡಿದ್ದಳು. ಅವುಗಳ ತಾಯಂದಿರ ಜೊತೆ ಕೂತು ಸಮಾಧಾನ ಹೇಳಿದ್ದಳು. ತನ್ನ ಮಗಳೂ ಹಾಗೇ ಇದ್ದರೆ, ಆ ಸಮಾಧಾನದ ಮಾತುಗಳಲ್ಲಿ ಒಂದೂ ತನ್ನ ಉಪಯೋಗಕ್ಕೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಈ ಪ್ಯಾರಾ ಬರೆಯುತ್ತಿದ್ದಾಗ ಅವಳು ನನ್ನ ಹತ್ತಿರ ಬಂದಳು. ಈ ಸಲ ಜಗಳಕ್ಕಲ್ಲ.

"ಅವಳಿಗೆ ಓದೋಕೆ ಬರುತ್ತೆ ಅಂತ ಒಂದು ಸಾಲು ಬರ್ದುಬಿಡಿ. ನಿಮ್ಮ ಕೈಲೇ ಇದೆಯಲ್ಲ."

ಬರೆಯಬಹುದಿತ್ತು. ಆದರೆ ದೇವರಾಣೆಗೂ ಆಗ ನನಗೂ ಗೊತ್ತಿರಲಿಲ್ಲ.

೪, ಮುಂದುವರಿದು

ಪಟಾಕಿ ಸಿಡಿದ ದಿನದ ಸಂಜೆಯೇ ಟೀಚರ್ ಅಪ್ಪನನ್ನು ತರಾಟೆಗೆ ತೆಗೆದುಕೊಂಡಿದ್ದಳು.

"ಅಪ್ಪಾ, ಕೈ ಮುಗೀತೀನಿ. ಏನು ಬರ್ದಿದೆಯೋ ಅಷ್ಟೇ ಓದು."

"ಇಡೀ ಸರ್ವೀಸು ಅದೇ ಮಾಡಿದ್ದು ಕಣೆ," ಎಂದರು ತಾತ. "ರೈಲು ಇನ್ನೂ ಹಿಂದಿನ ಸ್ಟೇಷನ್ನೇ ಬಿಟ್ಟಿಲ್ಲ ಅಂತ ಗೊತ್ತಿರ್‍ತಿತ್ತು. 'ಕೆಲವೇ ಕ್ಷಣಗಳಲ್ಲಿ' ಅಂತ ಬರ್ದುಕೊಡೋರು. ಒಂದಕ್ಷರ ಆಚೀಚೆ ಮಾಡ್ದೆ ಓದ್ತಿದ್ದೆ. ರಿಟೈರ್ ಆದ್ಮೇಲೂ ಬಿಡಲ್ವಲ್ಲ ನೀನು."

ಆದರೂ ಒಪ್ಪಿದರು. ಮಗಳ ಮುಖ ನೋಡಿದ ಮೇಲೆ ಒಪ್ಪದೆ ಏನು ಮಾಡುತ್ತಾರೆ. ಮೇಜಿನ ಮುಂದೆ ಕೂತು, ಕನ್ನಡಕ ಹಾಕಿ, ಓದಿದರು. "ಅರಸ. ಅರಸರ ಸರ. ಸರ ಸರಸರ. ಮರ. ಗರಗಸ. ಗರಗರ."

ಮೇಜಿನ ಕೆಳಗಿನಿಂದ ಒಂದು ಪುಟ್ಟ ಕೈ ಬಂದು ಹಾಳೆಯನ್ನು ತಿರುಗಿಸಿ ನೋಡಿತು. ಹಿಂದುಗಡೆ ಖಾಲಿ.

"ಅಷ್ಟೇನಾ?"

"ಅಷ್ಟೇ ಬರ್ದಿರೋದು."

"ಮರ ಏನು ಹೇಳ್ತು?"

ತಾತ ಅಡುಗೆಮನೆಯ ಕಡೆ ನೋಡಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ. ಆಮೇಲಿನ ಸಂಜೆಗಳಲ್ಲಿ ಓದು ಕುಕ್ಕರಿನ ಒಂದು ಕೂಗಿಗೆ ಮುಂಚೆಯೇ ಮುಗಿಯುತ್ತಿತ್ತು. ತಾತ ಎದ್ದು ಕುಂಡಗಳಿಗೆ ನೀರು ಹಾಕುತ್ತಿದ್ದರು, ಬೆಳಗ್ಗೆ ಹಾಕಿದ್ದರೂ.

೫ (ಬಿಸಾಕಿದ ಮುಕ್ತಾಯಗಳು)

ಮೊದಲನೆಯದು: ಶುಕ್ರವಾರ. ಪುಟ್ಟ ಕುರ್ಚಿಗಳು. ಪಟಾಕಿ ಎದ್ದು ನಿಂತು ಪಟಪಟನೆ ಓದುತ್ತಾಳೆ. ಚಪ್ಪಾಳೆ. ಟೀಚರ್ ಕಣ್ಣಲ್ಲಿ ನೀರು. "ನಾನು ಓದಲ್ಲ," ಎಂದಳು ಪಟಾಕಿ, ನಾನು ವಾಕ್ಯ ಮುಗಿಸುವ ಮೊದಲೇ. ಚಾಕೊಲೇಟಿನ ಆಸೆ ತೋರಿಸಿದೆ. ಇಸಿದುಕೊಂಡು ತಿಂದು, ಕೈ ಒರೆಸಿಕೊಂಡು, "ಆದ್ರೂ ಓದಲ್ಲ," ಎಂದಳು.

ಎರಡನೆಯದು: ತಾತನಿಗೆ ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡು...

"ಏನಯ್ಯಾ, ಕಥೆ ಮುಗಿಸೋಕೆ ದಾರಿ ಕಾಣ್ದೆ ನನ್ನ ಮುಗಿಸ್ತಿದೀಯಾ?" ಎಂದು ತಾತ ಪ್ಲಾಟ್‌ಫಾರ್ಮ್ ನಡುಗುವ ದನಿಯಲ್ಲಿ ಗದರಿದರು. "ಓದುಗರ ಕಣ್ಣಲ್ಲಿ ನೀರು ತರಿಸ್ಬೇಕು ಅಂದ್ರೆ ಈರುಳ್ಳಿ ಹೆಚ್ಚು."

ಕ್ಷಮೆ ಕೇಳಿ ಹರಿದು ಹಾಕಿದೆ.

೬

ನಿಜಕ್ಕೂ ಆದದ್ದು ಗುರುವಾರ ಸಂಜೆ, ನನ್ನನ್ನು ಒಂದು ಮಾತೂ ಕೇಳದೆ.

ಟೀಚರ್ ಶುಕ್ರವಾರಕ್ಕೆಂದು ಹೊಸ ಹಾಳೆ ಬರೆದುಕೊಂಡು ಬಂದಿದ್ದಳು. ಚಿತ್ರವಿಲ್ಲ, ಯಾರಿಗೂ ತೋರಿಸಿಲ್ಲ, ಯಾರೂ ಓದಿ ಹೇಳಿಲ್ಲ. ಅದನ್ನು ಮೇಜಿನ ಮೇಲೆ ಇಟ್ಟು ಕೈ ತೊಳೆಯಲು ಹೋದಳು. ತಾತ ಎತ್ತಿಕೊಂಡು, ಮಗಳಿಗೆ ಕೊಟ್ಟ ಮಾತಿನಂತೆ, ಉಪ್ಪು ಖಾರವಿಲ್ಲದೆ ಓದಲು ಹತ್ತಿದರು. ಪಟಾಕಿ ಅವರ ಮೊಣಕೈ ಕೆಳಗಿನಿಂದ ತಲೆ ತೂರಿಸಿ ನೋಡುತ್ತಿದ್ದಳು.

"ನಗರ. ಜನ. ಅರಸ. ಅಜಗರ."

"ತಾತಾ," ಎಂದಳು ಪಟಾಕಿ ಬೇಸರದಿಂದ, "ಸರ್‍ಯಾಗಿ ನೋಡು. ಅರಸ ಎಲ್ಲಿದಾನೆ ಅಲ್ಲಿ? ಅವಸರ ಅಂತ ಇದೆ. ನಗರ, ಜನ, ಅವಸರ, ಅಜಗರ."

ಅಡುಗೆಮನೆಯಲ್ಲಿ ನಲ್ಲಿ ನಿಂತಿತು.

(ಇಡೀ ಸರ್ವೀಸಿನಲ್ಲಿ ಒಂದಕ್ಷರ ತಪ್ಪು ಓದದ ಮನುಷ್ಯ ಅವತ್ತು ಹೇಗೆ ತಪ್ಪು ಓದಿದರು? ನಾನೂ ಕೇಳಿದೆ. ಕನ್ನಡಕದ ನಂಬರ್ ಬದಲಾಗಿರಬೇಕು ಎಂದರು. ಅವರ ಮುಖ ನೋಡಿದರೆ ಏನೂ ಗೊತ್ತಾಗುವುದಿಲ್ಲ.)

ಟೀಚರ್ ಒದ್ದೆ ಕೈಯಲ್ಲೇ ಬಂದು ನಿಂತಳು. ಮಗಳು ಮೇಜಿನ ಕೆಳಗೆ ಸರಕ್ಕನೆ ಮಾಯವಾದಳು. ತಾಯಿಯೂ ಬಗ್ಗಿ, ತಲೆ ತಗುಲಿಸಿಕೊಂಡು, ಒಳಗೆ ನುಸುಳಿದಳು.

"ನಿಂಗೆ ಓದೋಕೆ ಬರುತ್ತಾ?"

ಪಟಾಕಿ ನೆಲ ನೋಡುತ್ತ ಗೋಣು ಹಾಕಿದಳು.

"ಯಾವಾಗಿಂದ?"

"ಗರಗಸದ ಹಾಳೆಗಿಂತ ಮುಂಚೆಯಿಂದ."

"ಮತ್ತೆ ತಾತ ಅದರಲ್ಲಿ ಇಲ್ಲದ್ದೆಲ್ಲ ಓದ್ತಾನೆ ಅಂತ..."

"ಗೊತ್ತಿತ್ತು."

"ಮತ್ಯಾಕೆ ಚಿನ್ನ ಹೇಳ್ಲಿಲ್ಲ?"

ಪಟಾಕಿ ಮೇಜಿನ ಕಾಲನ್ನು ತಬ್ಬಿಕೊಂಡಳು. "ನೀನೇ ಹೇಳಿದ್ದಲ್ಲ. ನಂಗೆ ಓದೋಕೆ ಬಂದ್ರೆ ತಾತನ ಗಂಟಲಿಗೆ ರಜಾ ಅಂತ."

ಟೀಚರ್ ಅತ್ತಳು. ಮಗಳಿಗೆ ಓದಲು ಬರುತ್ತದೆ ಎಂಬ ಸಂತೋಷಕ್ಕೆ ಅರ್ಧ. ಇಷ್ಟು ಪುಟ್ಟ ಜೀವ ಇಷ್ಟು ದಿನ ದಡ್ಡಿ ಅನ್ನಿಸಿಕೊಂಡು ಸುಮ್ಮನಿತ್ತಲ್ಲ ಎಂಬುದಕ್ಕೆ ಇನ್ನರ್ಧ. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು: "ನಿಂಗೆ ಎಷ್ಟು ಓದೋಕೆ ಬಂದ್ರೂ ತಾತ ಓದ್ತಾನೆ. ಪ್ರಾಮಿಸ್."

"ಬಾಯಲ್ಲಿ ಹೇಳಿದ್ರೆ ಬುರುಡೆ. ಬರ್ದುಕೊಡು."

ನ್ಯಾಯವಾದ ಮಾತು. ಟೀಚರ್ ತಾತನ ಕೈಯಿಂದ ಹಾಳೆ ಇಸಿದುಕೊಂಡು ಅದರ ಹಿಂದುಗಡೆ ಬರೆಯಲು ಪೆನ್ಸಿಲ್ ಊರಿದಳು, ಊರಿದವಳು ಅಲ್ಲೇ ತಡೆದಳು. ಕಲಿಸಿದ ಹತ್ತು ಅಕ್ಷರದಲ್ಲಿ ಈ ಭಾಷೆ ಕೊಡಲು ಬರುವುದಿಲ್ಲ. ತಾತ ಎಂದು ಬರೆಯಲೂ ಬರುವುದಿಲ್ಲ. ಕೊನೆಗೆ ತನ್ನ ಕಾನೂನನ್ನು ತಾನೇ ಮುರಿದು, ಕೊಂಬು ದೀರ್ಘ ಒತ್ತು ಎಲ್ಲ ಹಾಕಿ ಒಂದು ಸಾಲು ಬರೆದಳು. 'ತಾತ ಯಾವಾಗಲೂ ಓದುತ್ತಾರೆ.'

ಪಟಾಕಿ ಬೆರಳಿಟ್ಟು ನೋಡಿದಳು. "ಇದು ಇನ್ನೂ ಆಗಿಲ್ಲ. ಇದೂ ಆಗಿಲ್ಲ."

"ಊಹಿಸು," ಎಂದಳು ಟೀಚರ್. ಅವಳ ಬಾಯಿಂದ ಆ ಮಾತು ಬಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

"ಊಹಿಸ್ಬಾರ್ದು," ಎಂದಳು ಪಟಾಕಿ. ಹಾಳೆಯನ್ನು ಮೇಲಕ್ಕೆ ಚಾಚಿದಳು. "ತಾತಾ, ಇಲ್ಲೇನು ಬರ್ದಿದೆ ಓದು."

ತಾತ ಹಾಳೆಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದರು. ಕನ್ನಡಕ ಹಾಕಿಕೊಂಡು ಆ ಸಾಲು ನೋಡಿದರು. ಬಗ್ಗಿ ಮೇಜಿನ ಕೆಳಗಿದ್ದ ತಮ್ಮ ಮಗಳನ್ನು ನೋಡಿದರು. ಅವಳು ಮೂಗೊರೆಸಿಕೊಂಡು ತಲೆಯಾಡಿಸಿದಳು. ತಾತ ಗಂಟಲು ಸರಿಮಾಡಿಕೊಂಡರು.

"ಡಿಂಗ್ ಡಾಂಗ್. ಪ್ರಯಾಣಿಕರ ಗಮನಕ್ಕೆ. ಗರಗಸ ಕೇಳಿದ ಪ್ರಶ್ನೆಗೆ ಮರ ಕೊಟ್ಟ ಉತ್ತರವು ತಡವಾಗಿ ಬರುತ್ತಿದ್ದು..."

ಟೀಚರ್ ತಿದ್ದಲಿಲ್ಲ.

ಶುಕ್ರವಾರ ಏನಾಯಿತು ಎಂದು ನೀವು ಕೇಳುತ್ತೀರಿ. ಮರ ಏನು ಹೇಳಿತು ಎಂದೂ. ಹೇಳೋಣವೆಂದು ಬಾಯಿ ತೆರೆದೆ. ಆಗ ಕಣ್ಣಿಗೆ ಬಿತ್ತು: ಪಟಾಕಿ ಮೇಜಿನ ಕೆಳಗಿನಿಂದ ಕತ್ತು ಉದ್ದ ಮಾಡಿ, ತಾತನ ರೈಲಿನ ಜೊತೆ ಹೋಗದೆ, ಅಮ್ಮ ಬರೆದ ಸಾಲಿನ ಕೆಳಗೆ ಬೆರಳು ಎಳೆಯುತ್ತಿದ್ದಳು. ಒಂದೊಂದೇ ಅಕ್ಷರ, ಕಲಿಸದ ಅಕ್ಷರವೂ ಸೇರಿದಂತೆ, ತುಟಿ ಅಲ್ಲಾಡಿಸುತ್ತ, ಕೊನೆಯವರೆಗೆ. ಆಮೇಲೆ ನಾನು ನೋಡುತ್ತಿರುವುದನ್ನು ನೋಡಿ ಅದೇ ಬೆರಳನ್ನು ತುಟಿಯ ಮೇಲೆ ಇಟ್ಟುಕೊಂಡಳು.

ಆಯಿತು ತಾಯಿ, ನಾನು ಯಾರಿಗೂ ಹೇಳುವುದಿಲ್ಲ. ಹಾಳೆಯಲ್ಲಿ ಇರುವುದು ಒಂದೇ ಸಾಲು. ತಾತ ಇನ್ನೂ ಓದುತ್ತಿದ್ದಾರೆ.