ಈ ಶನಿವಾರ ಡಾಲರ್ ಇಳಿಯದಿರಲಿ

ನನ್ನ ಗಂಡನಿಗೆ ದೇವರು ಎಲ್ಲವನ್ನೂ ಕೊಟ್ಟಿದ್ದಾನೆ, ಅವಸರವೊಂದನ್ನು ಬಿಟ್ಟು. ವಿದೇಶಿ ನೋಟು ಬದಲಾಯಿಸಿಕೊಡುವ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೆಲಸ. ಬೆಳಗ್ಗೆ ಎಂಟೂವರೆಗೆ ಹೋಗಿ ಗಾಜಿನ ಹಿಂದಿನ ಬೋರ್ಡಿಗೆ ಆ ದಿನದ ರೇಟಿನ ಪ್ಲಾಸ್ಟಿಕ್ ಅಂಕಿಗಳನ್ನು ಸಿಕ್ಕಿಸುವುದು ಅವರ ಮೊದಲ ಕೆಲಸ. ಚುಕ್ಕಿಯ ಆಚೆಗಿನ ಎರಡನೆಯ ಅಂಕಿ ತಪ್ಪಿದರೂ ಅವರಿಗೆ ಊಟ ಸೇರದು. ಒಮ್ಮೆ ನನ್ನ ತಮ್ಮ ಹೊರದೇಶಕ್ಕೆ ಹೊರಟಾಗ, ಮನೆಯವನಲ್ಲವೇ, ಸ್ವಲ್ಪ ನೋಡಿ ಹಾಕಿಕೊಡಿ ಎಂದಿದ್ದೆ. ಅವರು ನೋಡಿಯೇ ಹಾಕಿದರು, ಬೋರ್ಡನ್ನು. ತಮ್ಮ ಎರಡು ತಿಂಗಳು ಮಾತು ಬಿಟ್ಟಿದ್ದ. ತಾಳಿದವನು ಬಾಳಿಯಾನು ಎನ್ನುವುದು ಇವರು ಹಗಲಿಡೀ ಹೇಳುವ ಗಾದೆ. ತಾಳಿದವನ ಜೊತೆ ಬಾಳುವವಳ ಗತಿ ಏನೆಂದು ಆ ಗಾದೆ ಮಾಡಿದ ಪುಣ್ಯಾತ್ಮ ಯೋಚಿಸಿದಂತಿಲ್ಲ.

ಇಂಥವರು ತಮ್ಮ ತಾಯಿಗೆ ವಿಡಿಯೊ ಗೇಮ್ ಕನ್ಸೋಲ್ ಕೊಡಿಸುತ್ತೇನೆಂದು ಹೊರಟ ಕಥೆ ಇದು.

ಮಾವ ತೀರಿಕೊಂಡು ಏಳು ತಿಂಗಳಾಗಿತ್ತು. ಆ ಏಳು ತಿಂಗಳೂ ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದರು. ಕರೆದರೆ ಬಂದು ಉಣ್ಣುತ್ತಿದ್ದರು, ಕೇಳಿದರೆ ಉತ್ತರ ಕೊಡುತ್ತಿದ್ದರು. ಡಾಕ್ಟರು ದಿನಾ ಒಂದಷ್ಟು ನಡೆಯಬೇಕು ಎಂದರೆ, ಕೋಣೆಯಿಂದ ಅಡುಗೆಮನೆಗೆ ನಡೆದು ಲೆಕ್ಕ ಒಪ್ಪಿಸುತ್ತಿದ್ದರು. ಹೊಸ್ತಿಲು ದಾಟಿಸುವುದು ಮಾತ್ರ ನಮ್ಮಿಬ್ಬರಿಂದಲೂ ಆಗಲಿಲ್ಲ. ಕೊನೆಗೆ ಇಸ್ತ್ರಿಪೆಟ್ಟಿಗೆ ಸುಟ್ಟುಹೋದ ದಿನ, ಹೊಸದನ್ನು ನೀವೇ ಆರಿಸಬೇಕು, ನಾನು ತಂದದ್ದನ್ನು ಯಾವತ್ತು ಮೆಚ್ಚಿದ್ದೀರಿ ಎಂದು ಜಗಳ ತೆಗೆದು ಅವರನ್ನು ಹೊರಡಿಸಿದೆ. ಜಗಳಕ್ಕೆ ಅತ್ತೆ ಯಾವತ್ತೂ ಬೆನ್ನು ತೋರಿಸಿದವರಲ್ಲ.

ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಬಿಲ್ಲು ಆಗುವವರೆಗೆ ಅತ್ತೆಗೆ ಕೂರಲು ಜಾಗ ಬೇಕಿತ್ತು. ಇದ್ದದ್ದು ಒಂದೇ ಕುರ್ಚಿ, ಅದರ ಮುಂದೆ ಒಂದು ಸ್ಟೀರಿಂಗು, ಅದರಾಚೆ ದೊಡ್ಡ ಪರದೆ. ಗಿರಾಕಿಗಳು ಆಡಿ ನೋಡಲೆಂದು ಇಟ್ಟ ಕನ್ಸೋಲ್ ಅದು. ಕಾಲಿಗೆ ಏನೋ ಸಿಕ್ಕಿತೆಂದು ಅತ್ತೆ ಒತ್ತಿದರು. ಪರದೆಯ ಮೇಲಿನ ಕೆಂಪು ಕಾರು ಬೇಲಿ ಹಾರಿ, ಗದ್ದೆಗೆ ನುಗ್ಗಿ, ಹುಲ್ಲಿನ ಬಣವೆಯನ್ನು ಸೀಳಿಕೊಂಡು ಹೋಗಿ ಕೆರೆಗೆ ಬಿತ್ತು. ಅತ್ತೆ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಬಿಲ್ಲಿನ ಮುಂದೆ ನಿಂತಿದ್ದ ನಾನೂ ಇವರೂ ತಿರುಗಿ ನೋಡಿದೆವು.

ಆ ಕ್ಷಣವೇ ತೆಗೆದುಕೊಂಡುಬಿಡೋಣ ಎಂದು ಇವರು ಹೊರಟರು. ಬದುಕಿನಲ್ಲಿ ಮೊದಲ ಸಲ ಅವಸರ ಮಾಡಿದ್ದರು, ಆದರೆ ಬೆಲೆಚೀಟಿ ಕಣ್ಣಿಗೆ ಬಿತ್ತು. ಹಳೆಯ ಚೀಟಿಯ ಮೇಲೆ ಹೊಸ ಚೀಟಿ ಅಂಟಿಸಿತ್ತು, ಅಂಟು ಇನ್ನೂ ಒಣಗಿರಲಿಲ್ಲ. ಮ್ಯಾನೇಜರು ಪಾಪ ವಿವರಿಸಿದರು. ಈ ಆಟದ ಪೆಟ್ಟಿಗೆ ಬರುವುದು ಹೊರದೇಶದಿಂದ, ತರಿಸುವವರು ಡಾಲರಿನಲ್ಲಿ ಕೊಡಬೇಕು, ಡಾಲರ್ ಏರಿದ್ದರಿಂದ ಹೆಡ್ಡಾಫೀಸಿನವರು ಬೆಳಗ್ಗೆಯಷ್ಟೇ ನಾಲ್ಕು ಸಾವಿರ ಏರಿಸಿದ್ದಾರೆ. ಡಾಲರಿನ ವಿಷಯ ಇವರಿಗೇ ಹೇಳಿಕೊಡುವುದೇ! ಇದು ನಿಲ್ಲುವ ಏರಿಕೆಯಲ್ಲ, ಎರಡು ವಾರದಲ್ಲಿ ಇಳಿಯುತ್ತದೆ, ತುದಿಯಲ್ಲಿ ಕೊಳ್ಳುವವನು ಪೆದ್ದ ಎಂದು ಇವರು ಹೇಳಿ, ನಮ್ಮನ್ನು ಹೊರಡಿಸಿಕೊಂಡು ಬಂದರು.

ಅಲ್ಲಿಂದ ಪ್ರತಿ ಶನಿವಾರ ಸಂಜೆ ಮೂವರೂ ಬೆಲೆ ಕೇಳಲು ಹೋಗತೊಡಗಿದೆವು. ಇವರು ಚೀಟಿ ನೋಡುತ್ತಿದ್ದರು, ತಲೆಯಾಡಿಸುತ್ತಿದ್ದರು. ಅಷ್ಟರಲ್ಲಿ ಅತ್ತೆ ಮೂರು ಸುತ್ತು ಕಾರು ಓಡಿಸುತ್ತಿದ್ದರು. ಎರಡು ವಾರ ಎಂಟು ತಿಂಗಳಾಯಿತು. ಡಾಲರ್ ಕೆಲವು ಸಲ ಇಳಿಯಿತು, ಆದರೆ ಚೀಟಿ ಇಳಿಯಲಿಲ್ಲ. ಹಳೆಯ ರೇಟಿನಲ್ಲಿ ತಂದ ಸರಕು ಖರ್ಚಾಗಬೇಕಲ್ಲ ಎನ್ನುತ್ತಿದ್ದರು ಮ್ಯಾನೇಜರು. ಏರುವಾಗ ಲಿಫ್ಟು, ಇಳಿಯುವಾಗ ಮೆಟ್ಟಿಲು ಎಂದು ಇವರು ಹಲ್ಲು ಕಡಿಯುತ್ತಿದ್ದರು.

ಈ ಎಂಟು ತಿಂಗಳಲ್ಲಿ ಅತ್ತೆಗೆ ಅಂಗಡಿಯಲ್ಲಿ ಒಂದು ಬಳಗ ಹುಟ್ಟಿಕೊಂಡಿತು. ನಿವೃತ್ತ ನರ್ಸಮ್ಮ ಒಬ್ಬರು, ಅವರ ಮೊಮ್ಮಗಳು, ಮತ್ತು ಮೂವತ್ತು ವರ್ಷ ಅಪಘಾತವಿಲ್ಲದೆ ಬಸ್ಸು ಓಡಿಸಿ ಮನೆ ಸೇರಿದ ಒಬ್ಬ ಡ್ರೈವರು. ಪಂದ್ಯ ಆಡಲೆಂದು ಮ್ಯಾನೇಜರು ಪಕ್ಕದಲ್ಲಿ ಇನ್ನೊಂದು ಸ್ಟೀರಿಂಗು ಜೋಡಿಸಿಕೊಟ್ಟರು. ಡ್ರೈವರು ಪ್ರತಿ ಸಲವೂ ಸೋಲುತ್ತಿದ್ದರು, ಯಾಕೆಂದರೆ ತಿರುವು ಬಂದಾಗಲೆಲ್ಲ ಹಿಂದಿನ ಗಾಡಿಗೆ ದಾರಿ ಬಿಡುತ್ತಿದ್ದರು. ಅತ್ತೆಗೆ ಬ್ರೇಕಿಲ್ಲದ ಅಜ್ಜಿ ಎಂದು ಹೆಸರು ಬಿತ್ತು. ಶುಕ್ರವಾರವೇ ಬಟ್ಟೆಗೆ ಇಸ್ತ್ರಿ ಹಾಕಿಕೊಳ್ಳತೊಡಗಿದರು. ಕಾಲಿಗೆ ಬಲ ಬರಲೆಂದು ದಿನಾ ಬೆಳಗ್ಗೆ ಬೀದಿಯ ತುದಿಯವರೆಗೆ ನಡೆಯತೊಡಗಿದರು. ಡಾಕ್ಟರು ತಮ್ಮ ಮಾತ್ರೆಯ ಮಹಿಮೆ ಎಂದುಕೊಂಡರು.

ಹೀಗಿರುವಾಗ ಒಂದು ದಿನ ಇವರು ಕುಣಿಯುತ್ತಾ ಬಂದು, ಡಾಲರ್ ಜಾರುತ್ತಿದೆ, ಇನ್ನು ಹದಿನೈದು ದಿನದಲ್ಲಿ ಪೆಟ್ಟಿಗೆ ನಮ್ಮ ಮನೆಯಲ್ಲಿ ಎಂದರು. ಅತ್ತೆಯ ಕೈಯಲ್ಲಿದ್ದ ಲೋಟ ಮೇಜಿನ ಮೇಲೆ ಕೂತುಬಿಟ್ಟಿತು. ಇವರು ಸ್ನಾನಕ್ಕೆ ಹೋದ ಮೇಲೆ ನಾನು ಏನಾಯಿತೆಂದು ಕೇಳಿದೆ.

"ಪೆಟ್ಟಿಗೆ ಮನೆಗೆ ಬಂದ್ರೆ ನಾನೂ ಮನೇಲೇ ಕಣೇ," ಎಂದರು ಅತ್ತೆ. "ನಂಗೆ ಬೇಕಿರೋದು ಪೆಟ್ಟಿಗೆ ಅಲ್ಲ. ಶನಿವಾರ. ಅವನಿಗೆ ಹೇಳ್ಬೇಡ, ಎಂಟು ತಿಂಗಳಿಂದ ನಂಗೋಸ್ಕರ ಕಾಯ್ತಿದ್ದಾನೆ."

ನನಗೆ ಅಳು ಬಂತು. ಅಳುವವರ ಮುಂದೆ ಅತ್ತೆಗೆ ಸಿಟ್ಟು ಬರುವುದರಿಂದ ಪಾತ್ರೆ ತೊಳೆಯಲು ಹೋದೆ.

ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಪಕ್ಷಗಳಾದವು. ಬೆಳಗಿನ ಸುದ್ದಿಯಲ್ಲಿ ನಮ್ಮ ನೋಟಿನ ಬೆಲೆ ಬಿದ್ದಿತೆಂದರೆ ಇವರು ನಿಟ್ಟುಸಿರು ಬಿಡುತ್ತಿದ್ದರು, ಅತ್ತೆ ಇನ್ನೊಂದು ಲೋಟ ಕಾಫಿ ಕೇಳುತ್ತಿದ್ದರು. ದೇಶಕ್ಕೆ ದೇಶವೇ ಬೆಲೆಯೇರಿಕೆಯಿಂದ ಒದ್ದಾಡುತ್ತಿರುವಾಗ ಡಾಲರ್ ಏರಲಿ ಎಂದು ಹಾರೈಸಿದವರು ನಾವಿಬ್ಬರೇ ಇರಬೇಕು. ಅದರ ಫಲವೂ ಬೇಗನೆ ಸಿಕ್ಕಿತು. ಡಾಲರ್ ಏರಿಯೇ ಏರಿತು, ಚೀಟಿ ಮತ್ತೆ ಐದು ಸಾವಿರ ಮೇಲೆ ಹೋಯಿತು, ಕನ್ಸೋಲ್ ಕೊಳ್ಳುವವರೇ ಇಲ್ಲವಾದರು. ಮಾರಾಟವಿಲ್ಲದಿದ್ದರೆ ಆಡಿ ನೋಡುವ ಮೇಜು ಯಾಕೆ, ಇನ್ನೂ ಏರಿದರೆ ಅದನ್ನು ತೆಗೆದು ಅಲ್ಲಿ ಫ್ಯಾನು ಜೋಡಿಸಿ ಎಂದು ಹೆಡ್ಡಾಫೀಸು ಹೇಳಿದೆ ಎಂದು ಮ್ಯಾನೇಜರು ಮುಖ ಸಣ್ಣ ಮಾಡಿದರು. ಅತ್ತ ದರಿ, ಇತ್ತ ಪುಲಿ. ಇಳಿದರೆ ಮಗ ಕೊಳ್ಳುತ್ತಾನೆ, ಏರಿದರೆ ಅಂಗಡಿಯವರು ಮೇಜು ಎತ್ತಿಬಿಡುತ್ತಾರೆ. ಏರಲೂ ಬಾರದು ಇಳಿಯಲೂ ಬಾರದು ಎಂದು ಅತ್ತೆ ಪೇಪರಿನ ವಾಣಿಜ್ಯ ಪುಟ ಹಿಡಿದು ಕೂರತೊಡಗಿದರು. ದೇಶದ ಹಣಕಾಸು ನೋಡಿಕೊಳ್ಳುವವರಿಗೂ ಅಷ್ಟು ಚಿಂತೆ ಇದ್ದಿರಲಾರದು.

ಕೊನೆಗೆ ಇಳಿಯಿತು. ಬುಧವಾರ ಇಳಿಯಿತು, ಗುರುವಾರ ಇನ್ನೂ ಇಳಿಯಿತು. ಇವರು ಬ್ಯಾಂಕಿನಿಂದ ಹಣ ತಂದು ಕೋಟಿನ ಒಳಜೇಬಿನಲ್ಲಿಟ್ಟುಕೊಂಡರು. ನಾನು ಕೆಲಸ ಮಾಡುವುದು ಕನ್ನಡಕದಂಗಡಿಯಲ್ಲಿ. ಶುಕ್ರವಾರ ಊಟದ ಬಿಡುವಿನಲ್ಲಿ ಓಡಿಹೋದೆ, ಮ್ಯಾನೇಜರ ಕಾಲಿಗೆ ಬೀಳುವುದೊಂದು ಬಾಕಿ. ಹೊಸ ಬೆಲೆ ಬಂದಿದೆಯೇ ಎಂದರೆ, ಬೆಳಗ್ಗೆಯೇ ಬಂತು, ಮಾರಾಟವಿಲ್ಲದ್ದಕ್ಕೆ ಹೆಡ್ಡಾಫೀಸು ಈ ಸಲ ಕಾಯಲಿಲ್ಲ, ಒಂಬತ್ತು ಸಾವಿರ ಕಡಿಮೆ ಎಂದರು. ನಾಳೆ ಒಂದು ಸಂಜೆ ಹಳೆಯ ಚೀಟಿ ಇರಲಿ ಎಂದು ಕೇಳಿಕೊಂಡೆ. ಅವರು ತಲೆ ಕೆರೆದುಕೊಂಡರು. ಬಿಲ್ಲಿನಲ್ಲಿ ಸುಳ್ಳು ಹಾಕಲಾಗದು, ಕೊಳ್ಳುವವರಿಗೆ ನಿಜವಾದ ಬೆಲೆಯನ್ನೇ ಹೇಳುತ್ತೇನೆ, ಚೀಟಿ ಬದಲಿಸಲು ಮಾತ್ರ ಮರೆಯುತ್ತೇನೆ ಎಂದರು. ಅತ್ತೆಯ ಓಟ ನೋಡಲು ಸೇರುವ ಜನ ಹೋಗುವಾಗ ಬಲ್ಬು, ಬ್ಯಾಟರಿ ಕೊಳ್ಳುತ್ತಾರೆಂಬುದು ಅವರಿಗೂ ಗೊತ್ತಿತ್ತು. ಊರವರ ಕಣ್ಣು ಸರಿಮಾಡುವ ನಾನು ಗಂಡನ ಕಣ್ಣಿಗೆ ಮಣ್ಣೆರಚಲು ಏರ್ಪಾಡು ಮಾಡಿ ಬಂದೆ.

ಶನಿವಾರ ಹೋದೆವು. ಅತ್ತೆ ಕುರ್ಚಿಯಲ್ಲಿ ಕೂತರು, ಆಚೆ ಡ್ರೈವರು, ಹಿಂದೆ ನರ್ಸಮ್ಮ. ಇವರು ಬಗ್ಗಿ ಚೀಟಿ ನೋಡಿದರು, ಹುಬ್ಬು ಗಂಟಿಕ್ಕಿದರು. ಮೆಟ್ಟಿಲು, ಮೆಟ್ಟಿಲು ಎಂದು ಗೊಣಗಿಕೊಂಡರು. ನನಗೆ ಉಸಿರು ಬಂತು.

ಅದೇ ಗಳಿಗೆಯಲ್ಲಿ ಬಿಲ್ಲಿನ ಮುಂದೆ ನಿಂತಿದ್ದ ಒಬ್ಬಳು ಮಹಾತಾಯಿ, ಕಂಕುಳಲ್ಲಿ ಅದೇ ಕನ್ಸೋಲಿನ ಪೆಟ್ಟಿಗೆ ಇಟ್ಟುಕೊಂಡು, ಫೋನಿನಲ್ಲಿ ಇಡೀ ಅಂಗಡಿಗೆ ಕೇಳುವಂತೆ ಗಂಡನಿಗೆ ಹೇಳಿದಳು. ಒಂಬತ್ತು ಸಾವಿರ ಇಳಿದಿದೆ, ಡಾಲರ್ ಬಿದ್ದಿದೆಯಂತೆ, ಹೋದ ವಾರ ಕೊಂಡಿದ್ದರೆ ಮೂರ್ಖರಾಗುತ್ತಿದ್ದೆವು.

ಮ್ಯಾನೇಜರು ಒಂದು ಮಿಕ್ಸಿಯ ಧೂಳು ಒರೆಸಲು ಶುರುಮಾಡಿದರು. ಇವರು ಚೀಟಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಏನಿತ್ತೋ, ಅವರ ಕೈ ಒಳಜೇಬಿಗೆ ಹೋದದ್ದು ಅಲ್ಲೇ ನಿಂತಿತು. ಆಮೇಲೆ ಅಮ್ಮನ ಕಡೆ ತಿರುಗಿದರು.

ಪರದೆಯ ಮೇಲೆ ಕೆಂಪು ಕಾರು ರಸ್ತೆಯ ಮಧ್ಯದಲ್ಲಿ ನಿಂತಿತ್ತು. ಮೊದಲ ಸಲ ಡ್ರೈವರು ಮುಂದೆ ಹೋಗಿದ್ದರು. ಅತ್ತೆ ಸ್ಟೀರಿಂಗಿನಿಂದ ಕೈ ತೆಗೆದು, ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಕಿಟಕಿಯ ಪಕ್ಕದಲ್ಲಿ ಏಳು ತಿಂಗಳು ಕೂತಿದ್ದು ಹೀಗೆಯೇ. ಅದು ನನಗೆ ಕಂಡ ಹಾಗೆ ಇವರಿಗೂ ಕಂಡಿತು.

"ಏನೋ, ಇಳಿದಿದ್ಯೇನೋ?" ಎಂದು ಕೇಳಿದರು ಅತ್ತೆ.

ಇವರು ಗಂಟಲು ಸರಿಮಾಡಿಕೊಂಡರು. ಕೌಂಟರಿನ ಗಾಜಿನ ಹಿಂದೆ ನಿಂತು ಹೇಳುವ ದನಿಯಲ್ಲೇ ಒಂದು ರೇಟು ಹೇಳಿದರು, ಚುಕ್ಕಿಯ ಆಚೆಗಿನ ಎರಡು ಅಂಕಿಗಳನ್ನೂ ಸೇರಿಸಿ. ಅದು ಆ ವಾರದ ಯಾವ ದಿನದ ರೇಟೂ ಆಗಿರಲಿಲ್ಲ.

"ಇಲ್ಲಮ್ಮ, ಇಳಿದಿಲ್ಲ. ನಿನ್ನೆಗಿಂತ ಏರಿದೆ. ಮುಂದಿನ ಶನಿವಾರ ಬಂದು ನೋಡೋಣ."

ಹೌದು, ಏರಿದೆ, ವಿಪರೀತ ಏರಿದೆ ಎಂದರು ನರ್ಸಮ್ಮ. ಡ್ರೈವರು ಗಾಡಿ ಪಕ್ಕಕ್ಕೆ ಹಾಕಿ ಕಾಯುತ್ತಾ ನಿಂತರು. ಪೆಟ್ಟಿಗೆ ಹಿಡಿದ ಹೆಂಗಸು ಏನೋ ಹೇಳಲು ಬಾಯಿ ತೆರೆದಳು, ಮ್ಯಾನೇಜರು ಅವಳನ್ನು ಬ್ಯಾಟರಿ ತೋರಿಸಲು ಕರೆದುಕೊಂಡು ಹೋದರು.

ಅತ್ತೆ ಮಗನ ಮುಖವನ್ನೇ ನೋಡಿದರು. ಆಮೇಲೆ ಕಣ್ಣು ಒರೆಸಿಕೊಂಡು, ಸ್ಟೀರಿಂಗಿಗೆ ಕೈ ಹಾಕಿದರು.

"ನೀನು ಹೇಳಿದ್ಮೇಲೆ ಮುಗೀತಪ್ಪ," ಎಂದರು. "ರೇಟಿನ ವಿಷಯದಲ್ಲಿ ನೀನು ಯಾವತ್ತೂ ಸುಳ್ಳು ಹೇಳಿದೋನಲ್ಲ."