ತೋಳಿರುವ ಹೂವು

"ಇದೂ ಅಲ್ಲ," ಎಂದು ಸಸ್ಯ ಸಂಶೋಧಕಿ ಗುಲ್ಚೆಹ್ರಾ ಭೂತಗನ್ನಡಿಯನ್ನು ಕೆಳಗಿಟ್ಟಳು.

ಬೊಯ್ಸುನ್ ಬೆಟ್ಟದ ಆ ಇಳಿಜಾರಿನ ತುಂಬ ಐರಿಸ್ ಹೂವು ಅರಳಿತ್ತು. ಎಲ್ಲವೂ ಬಿಳಿ, ಅಂಚಿಗೆ ತುಸು ನೇರಳೆ, ನಡುವೆ ಹಳದಿ ಗೆರೆ. ನೋಡಲು ಒಂದೇ ಥರ ಇದ್ದರೂ ಅಲ್ಲಿ ಎರಡು ಜಾತಿಗಳಿರಬೇಕೆಂಬುದು ಅವಳ ನಂಬಿಕೆ. ಅಪರೂಪದ ಜಾತಿಯಲ್ಲಿ ಕೆಳಗಿನ ಎಸಳಿನ ಬುಡದ ಸಪೂರ ಕತ್ತಿಗೆ ಎರಡೂ ಬದಿ ತೆಳು ರೆಕ್ಕೆ, ಇನ್ನೊಂದರಲ್ಲಿ ಬೋಳು ಕತ್ತು. ಮೂರು ವಸಂತ ಎಲೆ ಅಳೆದು, ಹೂವು ನೋಡಿ ಹುಡುಕಿದರೂ ಸಿಕ್ಕಿದ್ದು ಬೋಳು ಕತ್ತೇ. ನಾಡಿದ್ದು ಇಲ್ಲಿ ಬಾದಾಮಿ ತೋಟಕ್ಕೆಂದು ಟ್ರ್ಯಾಕ್ಟರ್ ಹತ್ತಲಿತ್ತು. ಅಪರೂಪದ್ದು ಸಿಕ್ಕರೆ ಮಾತ್ರ ಅದು ನಿಲ್ಲುತ್ತಿತ್ತು.

ಕುರಿ ಮೇಯಿಸುವ ಬಿಬಿಸೋರಾ ನಾನ್ ರೊಟ್ಟಿ ಮುರಿದು ಅರ್ಧ ಅವಳ ಕೈಗಿಟ್ಟಳು. "ಮೂರು ವರ್ಷದಿಂದ ಎಲೆ ಅಳೀತಿದ್ದೀಯಲ್ಲ ತಾಯಿ, ಎಷ್ಟು ಬೆಳೀತು?"

"ನಗಬೇಡ ಅಕ್ಕ. ತೋಟ ಆದ್ರೆ ನಿನ್ನ ಕುರಿಗೂ ಜಾಗ ಇರಲ್ಲ. ಈ ಕತ್ತಿಗೆ ರೆಕ್ಕೆ ಇರೋ ಹೂವು ಬೇಕು ನನಗೆ."

"ರೆಕ್ಕೆನಾ? ತೋಳು ಅನ್ನು." ಬಿಬಿಸೋರಾ ಬಗ್ಗಿ, ಹತ್ತಿರದ ಹೂವಿನ ಕತ್ತಿನಡಿ ಹೆಬ್ಬೆರಳಾಡಿಸಿದಳು. ಬಿಟ್ಟಳು. ಇನ್ನೊಂದನ್ನು ಮುಟ್ಟಿ, ಉಗುರಿನಿಂದ ಮೆಲ್ಲಗೆ ಬಿಡಿಸಿದಳು. ಕೆಳಗೆ ಸುರುಳಿ ಸುತ್ತಿಕೊಂಡಿದ್ದ ತೆಳ್ಳನೆಯ ರೆಕ್ಕೆ ಹೊರಬಂತು. "ಬಿಸಿಲೇರಿದ್ರೆ ಮಡಚಿಕೊಳ್ತಾಳೆ, ನಾಚಿಕೆ. ನಾವು ಚಿಕ್ಕವರಿದ್ದಾಗ ಇವನ್ನ ಗೊಂಬೆ ಮಾಡ್ತಿದ್ವಿ. ತೋಳಿರೋದು ಮದುಮಗಳು, ಇಲ್ಲದ್ದು ಗಂಡು."

ಗುಲ್ಚೆಹ್ರಾ ರೊಟ್ಟಿ ಕೆಳಗಿಟ್ಟು ಆ ರೆಕ್ಕೆಯನ್ನು ಭೂತಗನ್ನಡಿಯಲ್ಲಿ ನೋಡಿದಳು. ಬಸ್ಸಿಳಿದು ಬೆಟ್ಟ ಹತ್ತುವಷ್ಟರಲ್ಲಿ ಪ್ರತಿಸಲವೂ ಮಧ್ಯಾಹ್ನವೇ ಆಗಿರುತ್ತಿತ್ತು.

"ಮೊದಲೇ ಯಾಕೆ ಹೇಳ್ಲಿಲ್ಲ ಅಕ್ಕ?"

"ನೀನು ಎಲೆ ಬಗ್ಗೆ ಕೇಳ್ದೆ. ಮದುಮಗಳ ಬಗ್ಗೆ ಕೇಳ್ಲೇ ಇಲ್ವಲ್ಲ."

ಗುಲ್ಚೆಹ್ರಾ ನಗುತ್ತಾ ಹುಲ್ಲಿನ ಮೇಲೆ ಅಂಗಾತ ಬಿದ್ದಳು. ಕಣ್ಣಲ್ಲಿ ನೀರು ಬಂದರೂ ನಗು ನಿಲ್ಲಲಿಲ್ಲ. ಬಿಬಿಸೋರಾಗೂ ನಗು ತಡೆಯಲಾಗಲಿಲ್ಲ. ಕುರಿಗಳು ತಲೆಯೆತ್ತಿ ನೋಡಿದವು.

ಆಮೇಲೆ ಇಬ್ಬರೂ ಸೇರಿ ಮುಟ್ಟುತ್ತಾ ಹೋದರು. ಮೊದಮೊದಲು ಗುಲ್ಚೆಹ್ರಾ ತಪ್ಪಿದಾಗೆಲ್ಲ ಬಿಬಿಸೋರಾ "ಗಂಡಿಗೆ ಮದುಮಗಳ ಉಡುಪು ತೊಡಿಸ್ಬೇಡ" ಎಂದು ಗದರಿಸುತ್ತಿದ್ದಳು. ಸಂಜೆಯೊಳಗೆ ನಲವತ್ತೊಂದು ಸಿಕ್ಕವು. ಫೋನಿನಲ್ಲಿ ಕಳಿಸಿದ ಚಿತ್ರಗಳನ್ನು ನೋಡಿದ ಅರಣ್ಯ ಕಚೇರಿಯವರು, ಟ್ರ್ಯಾಕ್ಟರ್ ಬರುವುದಿಲ್ಲ ಎಂದರು.

ಇಳಿಯುವ ಹೊತ್ತಿಗೆ ಗುಲ್ಚೆಹ್ರಾ ಬೂಟು ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. ಹಿಮ ಕರಗಿ ತಣ್ಣಗಾಗಿದ್ದ ಮಣ್ಣಿನ ಮೇಲೆ, ಮೊಗ್ಗುಗಳ ನಡುವೆ, ಒಂದೊಂದೇ ಹೆಜ್ಜೆ ನೋಡಿ ಇಡುತ್ತಾ ನಡೆದಳು.